ಒಂದು ಕಿಡಿಯ ಬೆಲೆ

ಅಮೆರಿಕದ ಡೇಟನ್ ನಗರದಲ್ಲಿ ಎಡ್ವರ್ಡ್ ಡೀಡ್ಸ್ ಎಂಬುವರ ಮನೆಯ ಹಿಂದೆ ಒಂದು ಕೊಟ್ಟಿಗೆಯಿತ್ತು. 1908ರ ಸುಮಾರಿಗೆ ಚಾರ್ಲ್ಸ್ ಕೆಟರಿಂಗ್ ಎಂಬ ತರುಣ ಎಂಜಿನಿಯರನು ಹಗಲಿನ ದುಡಿಮೆ ಮುಗಿಸಿ, ರಾತ್ರಿಯ ವೇಳೆ ಗೆಳೆಯರೊಡನೆ ಅಲ್ಲಿ ಕೂಡಿ ಕೆಲಸ ಮಾಡುತ್ತಿದ್ದನು. ಮೋಟಾರು ಕಾರಿಗೆ ನಂಬಲರ್ಹವಾದ ಕಿಡಿಯನ್ನು ಒದಗಿಸುವುದು ಅವನ ಹಂಬಲವಾಗಿತ್ತು. ಅವನ ಸಾಧನವು 1910ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಸ್ಥಾನ ಪಡೆಯಿತು. ಆ ಬಳಿಕ ಅರವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಅಸಂಖ್ಯ ಕಾರುಗಳು ಅದೇ ತತ್ತ್ವದಿಂದ ನಡೆದವು.

ಅದರ ಜೀವಾಳ ಇಗ್ನಿಷನ್ ಕಾಯಿಲ್. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳ ಪ್ರಾಥಮಿಕ ಸುರುಳಿ; ಜೊತೆಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿ. ಮೊದಲನೆಯದರಲ್ಲಿ ಬ್ಯಾಟರಿಯ ಪ್ರವಾಹ ಹರಿದು ಕಾಂತಕ್ಷೇತ್ರ ಬೆಳೆಯುತ್ತದೆ. ಮೆಕ್ಯಾನಿಕರು 'ಪಾಯಿಂಟ್' ಎಂದು ಕರೆಯುವ ಲೋಹದ ತುದಿಗಳು ಬೇರ್ಪಟ್ಟು ಪ್ರವಾಹವು ತಟ್ಟನೆ ಕಡಿದಾಗ ಆ ಕ್ಷೇತ್ರ ಕುಸಿಯುತ್ತದೆ. ಎರಡನೆಯ ಸುರುಳಿಯಲ್ಲಿ 20,000 ವೋಲ್ಟುಗಳಷ್ಟು ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ತೊಡಕಿರುವುದು ಕಾಲದಲ್ಲಿ. ನಾಲ್ಕು ಹೊಡೆತದ, ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಎರಡು ಕಿಡಿಗಳ ನಡುವೆ 50 ಮಿಲಿಸೆಕೆಂಡ್ ಬಿಡುವಿರುತ್ತದೆ. 6,000 ಸುತ್ತುಗಳ ವೇಗದಲ್ಲಿ ಉಳಿಯುವುದು ಐದೇ ಮಿಲಿಸೆಕೆಂಡ್. ಸುರುಳಿಯಲ್ಲಿ ಪ್ರವಾಹವು ಒಮ್ಮೆಗೇ ಏರುವುದಿಲ್ಲ, ಬಾವಿಯಿಂದ ಸೇದಿದ ನೀರಿನಂತೆ ಕೊಂಚಕೊಂಚವಾಗಿ ತುಂಬುತ್ತದೆ. ಕಾರು ಓಡಿದಷ್ಟೂ ಕಿಡಿ ಬಡವಾಗುವುದು ಇದರಿಂದಲೇ.

ಇದಕ್ಕೆ ಉಪಾಯವಿಲ್ಲದಿಲ್ಲ. ಪ್ರಾಥಮಿಕ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ ಪ್ರವಾಹವನ್ನು ಇಮ್ಮಡಿಗೊಳಿಸಿದರೆ, ಅಷ್ಟೇ ಶಕ್ತಿಯು ಹೆಚ್ಚುಕಡಿಮೆ ಅರ್ಧ ಅವಧಿಯಲ್ಲಿ ಸಂಗ್ರಹವಾಗುತ್ತದೆ. ಆದರೆ ಸುಮಾರು ನಾಲ್ಕು ಆಂಪಿಯರಿಗಿಂತ ಹೆಚ್ಚಿನ ಪ್ರವಾಹ ಹರಿದರೆ ಪಾಯಿಂಟು ಬೇಗನೆ ಸುಟ್ಟು ಸವೆಯುತ್ತದೆ. ಆ ಭಾರವನ್ನು ಹೊರಲು ಬಂದದ್ದು ಟ್ರಾನ್ಸಿಸ್ಟರು. ಅದಕ್ಕೆ ಸವೆತವಿಲ್ಲ, ನಿಜ. ಆದರೆ ಪ್ರವಾಹ ಕಡಿದ ಕ್ಷಣದಲ್ಲಿ ಪ್ರಾಥಮಿಕ ಸುರುಳಿಯಲ್ಲಿ ಮರುಹುಟ್ಟುವ ಕೆಲವು ನೂರು ವೋಲ್ಟುಗಳನ್ನು ಮೊದಮೊದಲ ಟ್ರಾನ್ಸಿಸ್ಟರುಗಳು ತಾಳಲಾರದೆ ಹೋದವು. ಅವುಗಳನ್ನು ಉಳಿಸಿಕೊಳ್ಳಲು ಎರಡು ಸುರುಳಿಗಳ ಸುತ್ತುಗಳ ಅನುಪಾತವನ್ನು ನೂರರಿಂದ ಇನ್ನೂರೈವತ್ತಕ್ಕೂ ಮೇಲೆ ಏರಿಸಬೇಕಾಯಿತು. ಆಗ ದ್ವಿತೀಯಕದ ಒತ್ತಡವು ನಿಧಾನವಾಗಿ ಏರತೊಡಗಿತು. ಪ್ಲಗ್ಗಿಗೆ ಮಸಿ ಹಿಡಿದಿದ್ದರೆ ಕಿಡಿಯಾಗುವ ಮೊದಲೇ ಅದು ಸೋರಿಹೋಗುತ್ತಿತ್ತು. ಕಂಡೆನ್ಸರಿನಲ್ಲಿ ಶಕ್ತಿಯನ್ನು ಕೂಡಿಟ್ಟು ಒಮ್ಮೆಲೇ ಸುರಿಯುವ ಪದ್ಧತಿಯಲ್ಲಿ ಈ ಸೋರಿಕೆಯ ಭಯ ಕಡಿಮೆ. ಆದರೆ ಆ ಕಿಡಿ ಅಲ್ಪಾಯು; ಪೆಟ್ರೋಲು ವಿರಳವಾಗಿರುವ ಮಿಶ್ರಣಕ್ಕೆ ಉರಿ ಹತ್ತುವಷ್ಟು ಹೊತ್ತು ಅದು ನಿಲ್ಲದು.

ಕಿಡಿ ತಪ್ಪಿದರೆ ಕಾರು ಒಮ್ಮೆ ಮುಗ್ಗರಿಸೀತು, ಅಷ್ಟೇ ತಾನೆ ಎಂದು ಹಿಂದೆ ಸುಮ್ಮನಿರಬಹುದಿತ್ತು. 1975ರ ವೇಳೆಗೆ ಅಮೆರಿಕದ ಕಾರುಗಳಿಗೆ ಹೊಗೆಯನ್ನು ಶುದ್ಧಿಗೊಳಿಸುವ ಪರಿವರ್ತಕವನ್ನು ಅಳವಡಿಸಲಾಯಿತು. ಉರಿಯದೆ ಉಳಿದ ಪೆಟ್ರೋಲು ಅದರೊಳಗೆ ಹೊಕ್ಕು ಉರಿದರೆ ಪರಿವರ್ತಕವೇ ಅತಿಯಾಗಿ ಕಾದು ಕೆಡುತ್ತದೆ. ಅದೇ ವರ್ಷ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರುಗಳಿಗೆ ಪಾಯಿಂಟಿಲ್ಲದ, ಪ್ರಬಲವಾದ ಎಲೆಕ್ಟ್ರಾನಿಕ್ ಕಿಡಿವ್ಯವಸ್ಥೆ ಬಂದಿತು.

ಈಗಿನ ಅನೇಕ ಎಂಜಿನ್ನುಗಳಲ್ಲಿ ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇದೆ. 6,000 ಸುತ್ತುಗಳ ವೇಗದಲ್ಲಿಯೂ ಅದಕ್ಕೆ 20 ಮಿಲಿಸೆಕೆಂಡ್ ಬಿಡುವು ದೊರೆಯುತ್ತದೆ. ಆದರೆ ಅದು ಕುಳಿತಿರುವ ಸ್ಥಳ ಕುದಿಯುವ ಎಂಜಿನ್ನಿನ ನೆತ್ತಿ. ಹಳೆಯ ಕಾಯಿಲಿನ ಡಬ್ಬಿಯಲ್ಲಿ ಸುರುಳಿಯನ್ನು ತಂಪಾಗಿಡುತ್ತಿದ್ದ ಎಣ್ಣೆಗೆ ಅಲ್ಲಿ ಎಡೆಯಿಲ್ಲ; ಕೂದಲೆಳೆಯ ತಂತಿಗಳು ಎಪಾಕ್ಸಿಯ ಗಟ್ಟಿ ಎರಕದೊಳಗೆ ಹುದುಗಿ, ತಮ್ಮ ಶಾಖದೊಡನೆ ಎಂಜಿನ್ನಿನ ಶಾಖವನ್ನೂ ಸಹಿಸುತ್ತ ಕಿಡಿ ಹಾರಿಸುತ್ತವೆ.