ಕಣ್ಣಿನ ಸರಳೆವರಸೆ

ಸಂಗೀತವನ್ನು ಕಲಿಯಬಂದ ಹುಡುಗನಿಗೆ ಗುರುಗಳು ಮೊದಲ ದಿನವೇ ಕೀರ್ತನೆಯನ್ನು ಹೇಳಿಕೊಡುವುದಿಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರಗಳನ್ನು ತಿಂಗಳುಗಟ್ಟಲೆ ಹಾಡಿಸಿ, ಸ್ವರಸ್ಥಾನಗಳು ಗಂಟಲಿನಲ್ಲಿ ನೆಲೆಗೊಂಡ ಮೇಲೆಯೇ ಗೀತಕ್ಕೆ ಕೈಹಾಕುವರು. ಈ ಕ್ರಮವನ್ನು ಪುರಂದರದಾಸರು ಏರ್ಪಡಿಸಿದರೆಂದು ನಮ್ಮ ಸಂಪ್ರದಾಯವು ಹೇಳುತ್ತದೆ. ಛಾಯಾಚಿತ್ರಕ್ಕೂ ಇಂತಹ ಒಂದು ಪಾಠಕ್ರಮ ಬೇಕೆಂದು ನಮ್ಮಲ್ಲಿ ಅನೇಕರಿಗೆ ತೋರುವುದಿಲ್ಲ. ಯಂತ್ರವು ಕೈಗೆ ಬಂದ ದಿನವೇ ನಾವು ಕಚೇರಿಗೆ ಕುಳಿತುಬಿಡುತ್ತೇವೆ.

ಈಗಂತೂ ಕ್ಯಾಮೆರಾ ಮೊಬೈಲಿನೊಳಗೆ ಅಡಗಿ ಎಲ್ಲರ ಜೇಬಿನಲ್ಲಿಯೂ ಇದೆ. ಹಿಂದೆ 36 ಚಿತ್ರಗಳ ಸುರುಳಿ ಮುಗಿದೊಡನೆ ಕೈ ತಾನಾಗಿಯೇ ನಿಲ್ಲುತ್ತಿತ್ತು. ಇಂದು ಒಂದು ಮದುವೆಯಲ್ಲಿಯೇ ನೂರಾರು ಚಿತ್ರಗಳಾಗುತ್ತವೆ, ಮರುದಿನ ಅವುಗಳನ್ನು ನೋಡುವವರಿಲ್ಲ. ಬೆಳಕು, ದೂರ, ವೇಗ ಇವುಗಳ ಲೆಕ್ಕವನ್ನೆಲ್ಲ ಯಂತ್ರವೇ ಮಾಡಿಕೊಳ್ಳುತ್ತದೆ. ಏನನ್ನು ನೋಡಬೇಕೆಂಬುದು ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಆದುದರಿಂದ ಸಾಧಕನು ತನ್ನ ಕಣ್ಣಿಗೆ ತಾನೇ ಕೆಲವು ವರಸೆಗಳನ್ನು ಕಟ್ಟಿಕೊಳ್ಳಬೇಕಾಗಿದೆ.

ಮೊದಲನೆಯದು, ಒಂದೇ ವಸ್ತು. ಅಮೆರಿಕದ ಎಡ್ವರ್ಡ್ ವೆಸ್ಟನ್ ಎಂಬಾತನು 1930ರಲ್ಲಿ ದೊಣ್ಣೆಮೆಣಸಿನಕಾಯಿಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ಅವುಗಳ ಚಿತ್ರವನ್ನೇ ತೆಗೆದನು. ಅವುಗಳಲ್ಲಿ 30ನೆಯ ಸಂಖ್ಯೆಯಿಂದ ಪ್ರಸಿದ್ಧವಾದ ಚಿತ್ರಕ್ಕಾಗಿ ಕಾಯಿಯನ್ನು ತಗಡಿನ ಲಾಳಿಕೆಯೊಂದರಲ್ಲಿ ನಿಲ್ಲಿಸಿದ್ದನು. ಅಲ್ಲಿ ಅದು ಬಾಗಿ ಕುಳಿತ ಮನುಷ್ಯನ ಬೆನ್ನಿನಂತೆ ಕಾಣುತ್ತದೆ. ಇದನ್ನನುಸರಿಸಿ ನಾನು ಅಡಿಗೆಮನೆಯ ಹಿತ್ತಾಳೆ ತಂಬಿಗೆಯೊಂದನ್ನು 36 ಬಾರಿ ತೆಗೆಯುವುದೆಂದೂ, ಒಂದರಂತೆ ಇನ್ನೊಂದು ಇರಕೂಡದೆಂದೂ ನಿಯಮ ಮಾಡಿಕೊಂಡೆನು. ಹನ್ನೆರಡನೆಯ ಚಿತ್ರಕ್ಕೆ ನನ್ನ ಉಪಾಯಗಳೆಲ್ಲ ತೀರಿದುವು. ಆ ಬಳಿಕವೇ ಕಿಟಕಿಯ ಸರಳುಗಳು ತಂಬಿಗೆಯ ಹೊಟ್ಟೆಯ ಮೇಲೆ ಬಿಲ್ಲಿನಂತೆ ಬಾಗಿರುವುದೂ, ಹುಣಿಸೆಹಣ್ಣಿನಿಂದ ಉಜ್ಜಿ ಉಜ್ಜಿ ಅದರ ಕಂಠವು ಸವೆದಿರುವುದೂ ಕಣ್ಣಿಗೆ ಬಿದ್ದುವು.

ಎರಡನೆಯದು, ಒಂದೇ ಸ್ಥಳ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಬಲಗೈಯನ್ನೇ ಕಳೆದುಕೊಂಡ ಯೋಸೆಫ್ ಸುಡೆಕ್, 1940ರಿಂದ 1954ರ ವರೆಗೆ ಪ್ರಾಗ್ ನಗರದ ತನ್ನ ಚಿತ್ರಶಾಲೆಯ ಕಿಟಕಿಯನ್ನು ಚಿತ್ರಿಸುತ್ತ ಬಂದನು. ಮೊದಲ ಐದು ವರ್ಷಗಳಲ್ಲಿ ಆ ನಗರವು ಜರ್ಮನರ ವಶದಲ್ಲಿತ್ತು. ಗಾಜಿನ ಮೇಲಿನ ಹನಿ, ಹೆಪ್ಪುಗಟ್ಟಿದ ಮಂಜು, ಹೊರಗಿನ ಸೊಟ್ಟ ಮರ: ಇಷ್ಟರಲ್ಲಿಯೇ ಆತನಿಗೆ ಋತುಗಳೆಲ್ಲ ದೊರೆತುವು.

ಮೂರನೆಯ ವರಸೆ, ಮುಖವಿಲ್ಲದೆ ಒಬ್ಬರ ಚಿತ್ರವನ್ನು ತೆಗೆಯುವುದು. ನನ್ನ ತಾಯಿಯವರಿಗೆ ಎಂಬತ್ತು ದಾಟಿದೆ. ಕ್ಯಾಮೆರಾ ಎಂದೊಡನೆ ಅವರು ಸೆರಗನ್ನು ಸರಿಪಡಿಸಿಕೊಂಡು ಬಾಗಿಲ ಬಳಿ ನೆಟ್ಟಗೆ ನಿಲ್ಲುವರು. ಮನೆಯ ಚಿತ್ರಗಳಲ್ಲೆಲ್ಲ ಅದೊಂದೇ ನಿಲುವು. ಒಂದು ವಾರ ಅವರ ಕೈಗಳನ್ನು ಮಾತ್ರ ತೆಗೆಯುವೆನೆಂದು ಕುಳಿತೆನು. “ನನ್ನನ್ನು ಬಿಟ್ಟು ಕೈಯನ್ನೇನು ತೆಗೆಯುತ್ತೀಯೋ?” ಎಂದು ನಕ್ಕರು. ನಾಲ್ಕನೆಯ ದಿನ ಕ್ಯಾಮೆರಾವನ್ನು ಮರೆತು ಹೂಬತ್ತಿ ಹೊಸೆಯುತ್ತಿದ್ದಾಗ, ಬಲಗೈಯ ಕಿರುಬೆರಳು ನೆಟ್ಟಗಾಗದಿರುವುದು ಕಂಡಿತು. ಯಾವಾಗಿನಿಂದ ಹೀಗೆ ಎಂದು ಕೇಳಿದೆನು. “ಎರಡು ವರ್ಷವಾಯಿತಪ್ಪ, ಕೆಲಸಕ್ಕೇನೂ ಅಡ್ಡಿಯಿಲ್ಲ” ಎಂದರು. ಆ ಚಿತ್ರವನ್ನು ದೂರದಲ್ಲಿರುವ ತಂಗಿಗೆ ಏನೂ ಬರೆಯದೆ ಕಳುಹಿಸಿದೆನು. “ಅಮ್ಮನ ಬೆರಳಿಗೆ ಏನಾಯಿತು?” ಎಂದು ಅವಳಿಂದ ಕೂಡಲೆ ಉತ್ತರ ಬಂದಿತು.

ನಿಯಮಗಳಿಂದ ಕಲೆಯ ಸ್ವಾತಂತ್ರ್ಯಕ್ಕೆ ಭಂಗ ಬರುವುದಿಲ್ಲವೆ ಎಂದು ಕೆಲವರು ಕೇಳಬಹುದು. ಸರಳೆವರಸೆಯೇ ಸಂಗೀತವೆಂದು ಯಾರೂ ಹೇಳಲಾರರು. ಆದರೆ ಅದಿಲ್ಲದೆ ಮನೋಧರ್ಮಕ್ಕೆ ಆಧಾರವಿಲ್ಲ. ವಾಚಕರಲ್ಲಿ ಆಸಕ್ತಿಯುಳ್ಳವರು ಈ ತಿಂಗಳು ಒಂದು ವಸ್ತುವನ್ನೋ ಒಂದು ಕಿಟಕಿಯನ್ನೋ ಒಂದು ಜೊತೆ ಕೈಗಳನ್ನೋ ಆರಿಸಿಕೊಂಡು, ದಿನಕ್ಕೆ ಕಾಲು ಗಂಟೆಯನ್ನು ಅದಕ್ಕೆ ಮೀಸಲಿಡಲಿ. ತಿಂಗಳ ಕೊನೆಗೆ ಹತ್ತು ಚಿತ್ರಗಳನ್ನು ಮಾತ್ರ ಕಾಗದದ ಮೇಲೆ ಅಚ್ಚುಹಾಕಿಸಿ ಮನೆಯವರ ಮುಂದೆ ಹರಡಲಿ. ಅವರಲ್ಲಿ ಒಬ್ಬರಾದರೂ ಯಾವುದಾದರೊಂದನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಕೆಳಗಿಡದೆ ನೋಡಿದರೆ, ಅಭ್ಯಾಸವು ಫಲಿಸತೊಡಗಿದೆಯೆಂದು ತಿಳಿಯಬಹುದು.