ಐದು ಡಾಲರ್ ಟಿಕೆಟ್ಟಿನ ಕಾಲ

ವಾಷಿಂಗ್ಟನ್ನಿನ ಎಫ್ ಸ್ಟ್ರೀಟಿನಲ್ಲಿ 930ನೇ ನಂಬರಿನ ಹಳೇ ಕಟ್ಟಡದಲ್ಲಿ ‘ನೈನ್ ಥರ್ಟಿ ಕ್ಲಬ್’ ಇತ್ತು. ಬೀದಿಯಿಂದ ಉದ್ದನೆಯ ಓಣಿಯಂಥ ಹಾದಿ ದಾಟಿ ಒಳಗೆ ಹೋದರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ವಾಸನೆ. ಚೆಲ್ಲಿದ ಬಿಯರು, ಬೆವರು, ಇಲಿ. ಆಮೇಲೆ ಎದುರಾಗುತ್ತಿದ್ದದ್ದು ಕಂಬ. ವೇದಿಕೆಗೆ ಅಡ್ಡ ನಿಂತ ಅದರ ಹಿಂದೆ ಜಾಗ ಸಿಕ್ಕಿದವರಿಗೆ ಹಾಡುವವನ ಅರ್ಧ ಮುಖ ಕಂಡರೆ ಪುಣ್ಯ. ಕಾಯ್ದೆ ಪ್ರಕಾರ ಒಳಗೆ 199 ಜನ ಇರಬಹುದಿತ್ತು, ಎಣಿಸಿದವರು ಯಾರೋ! 1980ರಲ್ಲಿ ಶುರುವಾದ ಆ ಕ್ಲಬ್ಬಿಗೆ ನಾನು ಕಾಲಿಡುವ ಹೊತ್ತಿಗೆ ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಚೇರಿಗಳು ಬಾಗಿಲು ಹಾಕಿದ ಮೇಲೆ ಆ ಕಡೆ ನರಪಿಳ್ಳೆ ಸುಳಿಯುತ್ತಿರಲಿಲ್ಲ. ಯಾರಿಗೂ ಬೇಡವಾದ ಜಾಗವಾದ್ದರಿಂದಲೇ ಪಂಕ್ ಸಂಗೀತದ ಹುಡುಗರಿಗೆ ಅಲ್ಲಿ ನೆಲೆ ಸಿಕ್ಕಿತ್ತು.

ನಾನು ಫೋಟೋ ತೆಗೆಯಲು ಕಲಿತದ್ದು ಬೆಂಗಳೂರಿನಲ್ಲಿ. 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯ ಗಾಳಿ ಬೀಸುತ್ತಿದ್ದ ಕಾಲ, ಟಿ.ಎನ್.ಎ. ಪೆರುಮಾಳ್ ಅವರ ಹಕ್ಕಿ ಚಿತ್ರಗಳೇ ನಮಗೆಲ್ಲ ಅಳತೆಗೋಲು. ಹಕ್ಕಿಯ ಕಣ್ಣು ಚೂಪಾಗಿ ಬರದಿದ್ದರೆ ಆ ಪ್ರಿಂಟು ಬುಟ್ಟಿಗೆ. ಧೂಳಿನ ಚುಕ್ಕೆಯೊಂದು ಉಳಿದರೂ ಸಣ್ಣ ಕುಂಚ ಹಿಡಿದು ತಿದ್ದಿಯೇ ಸ್ಪರ್ಧೆಗೆ ಕಳಿಸಬೇಕು. ಆ ಶಿಸ್ತಿನ ಬಗ್ಗೆ ನನಗೆ ಈಗಲೂ ಗೌರವವಿದೆ. ಆದರೆ ಎಫ್ ಸ್ಟ್ರೀಟಿನ ಆ ಕತ್ತಲಲ್ಲಿ ಅದು ಐದು ನಿಮಿಷವೂ ನಿಲ್ಲಲಿಲ್ಲ.

ವೇದಿಕೆಗೂ ಜನಕ್ಕೂ ನಡುವೆ ಬೇಲಿ ಇರಲಿಲ್ಲ. ಮುಂದೆ ನಿಂತರೆ ಯಾರದೋ ಮೊಣಕೈ ಪಕ್ಕೆಗೆ, ಇನ್ಯಾರದೋ ಬೂಟು ತಲೆಗೆ. ಜನರ ಬಿಸಿಯುಸಿರಿಗೆ ಲೆನ್ಸು ಮಂಜಾಗುತ್ತಿತ್ತು. ಎಎಸ್‌ಎ 400ರ ಟ್ರೈ-ಎಕ್ಸ್ ರೀಲನ್ನು 1600 ಅಂತ ಲೆಕ್ಕ ಹಿಡಿದು ತೆಗೆದು, ಮನೆಯ ಬಚ್ಚಲಲ್ಲಿ ತೊಳೆಯುವಾಗ ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡುತ್ತಿದ್ದೆ. ನೆರಳೆಲ್ಲ ಮಸಿ, ಬೆಳಕೆಲ್ಲ ಸುಣ್ಣ, ನಡುವೆ ರವೆ ಚೆಲ್ಲಿದ ಹಾಗೆ ಗ್ರೇನು. ಫ್ಲಾಶ್ ಹಾಕಿದರೆ ಶಟರನ್ನು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಇಳಿಸುವುದು ಅಲ್ಲಿನ ಹುಡುಗರು ಹೇಳಿಕೊಟ್ಟ ಉಪಾಯ. ಫ್ಲಾಶ್ ಬಿದ್ದ ಕ್ಷಣ ಮುಖ ಗಟ್ಟಿಯಾಗಿ ನಿಲ್ಲುತ್ತದೆ, ಉಳಿದ ಹೊತ್ತಿನ ಕುಣಿತವೆಲ್ಲ ಗೆರೆಗೆರೆಯಾಗಿ ಹರಿಯುತ್ತದೆ. ಬಚ್ಚಲಲ್ಲಿ ಹಗ್ಗಕ್ಕೆ ನೇತುಹಾಕಿದ ಪ್ರಿಂಟು ನೋಡಿ ನನ್ನ ಹೆಂಡತಿ, “ಏನ್ರೀ, ಇದ್ಯಾರ ಬೆನ್ನು? ಬೆನ್ನಿನ ಫೋಟೋ ತೆಗೆಯೋಕೆ ರಾತ್ರಿ ಒಂದು ಗಂಟೆ ತನಕ ನಿಂತಿದ್ರಾ?” ಎಂದು ಕೇಳಿದ್ದುಂಟು.

ಕೆಲವು ಪ್ರಿಂಟುಗಳನ್ನು ಬೆಂಗಳೂರಿಗೆ, ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಮೇಷ್ಟ್ರಿಗೆ ಕಳಿಸಿದೆ. ಒಂದು ಮಾತ್ರ ವಾಪಸ್ ಬಂತು. ಹಾಡುಗಾರ ಮೈಕನ್ನು ಜನರತ್ತ ಚಾಚಿದ್ದಾನೆ, ಎಂಟು ಹತ್ತು ಕೈಗಳು ಅದಕ್ಕೆ ಮುಗಿಬಿದ್ದಿವೆ. ಕೆಲವು ಕೈಗಳ ಹಿಂಬದಿಯಲ್ಲಿ ಕಪ್ಪು ಇಂಕಿನ ಇಂಟು ಮಾರ್ಕು. ವಯಸ್ಸಾಗದವರಿಗೆ ಮದ್ಯ ಕೊಡಬಾರದು ಅಂತ ಬಾಗಿಲಲ್ಲೇ ಹಾಕುತ್ತಿದ್ದ ಗುರುತು ಅದು. ಕುಡಿಯುವುದೇ ಬೇಡ ಎಂದು ತೀರ್ಮಾನಿಸಿದ ಹುಡುಗರು ಆಮೇಲೆ ಅದನ್ನೇ ಹೆಮ್ಮೆಯಿಂದ ಬರೆದುಕೊಂಡು ತಿರುಗಿದರು. ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಹಾಡುಗಾರನ ಸುತ್ತ ಒಂದು ಚೌಕ ಹಾಕಿ, ಕೈಗಳನ್ನೆಲ್ಲ ಹೊರಗಿಟ್ಟಿದ್ದರು. ಹಿಂದೆ ಒಂದೇ ಸಾಲು: “ಗಲೀಜು ಕತ್ತರಿಸಿದರೆ ಚಿತ್ರವಿದೆ.”

ನನಗಂತೂ ಅವರು ಕತ್ತರಿಸಿ ಎಂದ ಭಾಗವೇ ಮುಖ್ಯವಾಗಿತ್ತು. ಆ ಕೈಗಳಲ್ಲಿ ಒಂದು ಮುಂದಿನ ವಾರ ಇನ್ನೊಂದು ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಿತ್ತು, ಮತ್ತೊಂದು ಬಾಗಿಲಲ್ಲಿ ಟಿಕೆಟ್ ಹರಿಯುತ್ತಿತ್ತು. ಇಲ್ಲಿನ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ರೆಕಾರ್ಡು ಕಂಪನಿ ಹುಟ್ಟಿದ್ದೇ ಹಾಗೆ. 1980ರಲ್ಲಿ ಟೀನ್ ಐಡಲ್ಸ್ ಎಂಬ ಶಾಲಾ ಹುಡುಗರ ಬ್ಯಾಂಡು ಒಡೆಯುವ ಹೊತ್ತಿಗೆ ಶೋಗಳಿಂದ ಕೂಡಿಟ್ಟ ಸುಮಾರು 600 ಡಾಲರ್ ಉಳಿದಿತ್ತು. ಹಂಚಿಕೊಳ್ಳುವ ಬದಲು ಅದರಲ್ಲೇ ಒಂದು ಪುಟ್ಟ ರೆಕಾರ್ಡು ತಂದರು, ಸಾವಿರ ಪ್ರತಿ. ಕವರು ಮಾಡುವುದು ಹೇಗೆಂದು ತಿಳಿಯಲು ಇಂಗ್ಲೆಂಡಿನ ಒಂದು ರೆಕಾರ್ಡಿನ ಕವರನ್ನು ಬಿಡಿಸಿ, ಅಚ್ಚು ತೆಗೆದು, ಸ್ನೇಹಿತರೆಲ್ಲ ಕೂತು ಕತ್ತರಿಸಿ ಮಡಿಸಿ ಗೋಂದು ಹಚ್ಚಿದರು. 1988ರಲ್ಲಿ ಸಿಂಥಿಯಾ ಕಾನಲಿ ಮತ್ತು ಗೆಳತಿಯರು ತಾವೇ ಪ್ರಕಟಿಸಿದ ‘ಬ್ಯಾನ್ಡ್ ಇನ್ ಡಿಸಿ’ ಫೋಟೋ ಪುಸ್ತಕವೂ ಅದೇ ಜಾಯಮಾನದ್ದು: ಹಲವರ ಚಿತ್ರ, ಹಲವರ ನೆನಪು. ಅದನ್ನು ನೋಡಿದ ಮೇಲೆ ನಾನು ಕುಂಚ ಹಿಡಿದು ಧೂಳು ತಿದ್ದುವುದು ಬಿಟ್ಟೆ.

ಫುಗಾಜಿ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. 1987ರಲ್ಲಿ ಮೊದಲ ಶೋ ಕೊಟ್ಟ ಈ ಬ್ಯಾಂಡು ಟಿಕೆಟ್ಟನ್ನು ಐದು ಡಾಲರಿನ ಆಸುಪಾಸಿನಲ್ಲೇ ಇಡಬೇಕು, ಎಲ್ಲ ವಯಸ್ಸಿನವರನ್ನೂ ಬಿಡಬೇಕು ಎಂದು ಹಟ ಹಿಡಿದಿತ್ತು. ಗುಂಪಿನಲ್ಲಿ ಯಾರಾದರೂ ಪಕ್ಕದವರಿಗೆ ಒದ್ದರೆ ಹಾಡುಗಾರ ಇಯಾನ್ ಮೆಕಾಯ್ ಹಾಡು ನಿಲ್ಲಿಸಿ, ತುಂಬ ಮರ್ಯಾದೆಯಿಂದ ಅವನನ್ನು ಕರೆದು, ಐದು ಡಾಲರ್ ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದ. ಅರ್ಧಕ್ಕೆ ನಿಂತ ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಏಳಬೇಕೆಂದೇನೂ ಇರಲಿಲ್ಲ. 1991ರ ಜನವರಿ 12ರಂದು, ಕೊಲ್ಲಿ ಯುದ್ಧ ಇನ್ನೇನು ಶುರುವಾಗಬೇಕು ಅನ್ನುವಾಗ, ಶ್ವೇತಭವನದ ಎದುರಿನ ಲಫಾಯೆಟ್ ಪಾರ್ಕಿನಲ್ಲಿ ಅವರು ನುಡಿಸಿದರು. ಕೊರೆಯುವ ಚಳಿ, ಮೇಲೆ ಮಳೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಿಂತಿದ್ದೆ. ಬೆರಳು ಮರಗಟ್ಟಿ ಫೋಕಸ್ ರಿಂಗು ತಿರುಗಿಸಲಾಗದೆ, ಅದನ್ನು ಒಂದೇ ದೂರಕ್ಕೆ ಬಿಟ್ಟು, ನಾನೇ ಹಿಂದೆ ಮುಂದೆ ಸರಿಯುತ್ತಾ ತೆಗೆದೆ. ಆ ರೀಲಿನಲ್ಲಿ ನೆಟ್ಟಗೆ ಬಂದ ಚಿತ್ರವೆಂದರೆ ಹಾಡುಗಾರರದ್ದಲ್ಲ, ನೆನೆದು ತೊಪ್ಪೆಯಾದ ಮುಂದಿನ ಸಾಲಿನದ್ದು.

ಬದಲಾವಣೆ ಬಂದದ್ದು ಮೊದಲು ಬೀದಿಗೆ. 1996ರ ಜನವರಿಯಲ್ಲಿ ಕ್ಲಬ್ಬು ವಿ ಸ್ಟ್ರೀಟಿನ ದೊಡ್ಡ ಜಾಗಕ್ಕೆ ಹೋಯಿತು. 1997ರ ಡಿಸೆಂಬರಿನಲ್ಲಿ ಹಳೇ ಜಾಗದ ಹತ್ತಿರ ಬ್ಯಾಸ್ಕೆಟ್‌ಬಾಲ್ ಅರೀನಾ ತೆರೆಯಿತು, ಬಾಡಿಗೆ ಏರಿತು. ದೊಡ್ಡ ಸಭಾಂಗಣಗಳಲ್ಲಿ ಛಾಯಾಗ್ರಾಹಕರಿಗೆ ಬೇಲಿಯೊಳಗೆ ಮೊದಲ ಮೂರು ಹಾಡು ಮಾತ್ರ, ಫ್ಲಾಶ್ ಬೇಡ, ಆಮೇಲೆ ಹೊರಕ್ಕೆ. ಬೆವರು ಇಳಿಯುವ ಮುಂಚೆಯೇ ಮುಗಿಯುವ ಆ ಕೆಲಸ ನನಗೆ ಒಗ್ಗಲಿಲ್ಲ. ಫುಗಾಜಿ 2002ರಲ್ಲಿ ನುಡಿಸುವುದು ನಿಲ್ಲಿಸಿತು. ಡಿಜಿಟಲ್ ಬಂತು, ಫೋನ್ ಬಂತು. ಕೊಡಕ್ ತನ್ನ ವೇಗದ ಪಿ3200 ರೀಲನ್ನು 2012ರಲ್ಲಿ ನಿಲ್ಲಿಸಿದ್ದು, ಕೇಳುವವರು ಮತ್ತೆ ಹುಟ್ಟಿದರೆಂದು 2018ರಲ್ಲಿ ವಾಪಸ್ ತಂದಿತು. ನಾವು ಬೇರೆ ದಾರಿಯಿಲ್ಲದೆ ನುಂಗಿದ ಗ್ರೇನು ಈಗ ಫೋನಿನಲ್ಲಿ ಬೆರಳೊತ್ತಿದರೆ ಬರುತ್ತದೆ. ಬರಲಿ, ನನ್ನ ತಕರಾರಿಲ್ಲ.

ಸ್ವಲ್ಪ ತಕರಾರಿರುವುದು ಅಟ್ಲಾಂಟಿಸ್ ಬಗ್ಗೆ. ಹಳೇ ನೈನ್ ಥರ್ಟಿಯ ಪ್ರತಿರೂಪವಾಗಿ, ಹೊಸ ಕ್ಲಬ್ಬಿನ ಪಕ್ಕದಲ್ಲೇ ಕಟ್ಟಿದ 450 ಜನರ ಈ ಜಾಗವನ್ನು 2023ರ ಮೇ 30ರಂದು ಫೂ ಫೈಟರ್ಸ್ ಉದ್ಘಾಟಿಸಿದರು. ಆ ಬ್ಯಾಂಡಿನ ಡೇವ್ ಗ್ರೋಲ್ ಇಲ್ಲೇ ವರ್ಜೀನಿಯಾ ಕಡೆ ಬೆಳೆದ ಹುಡುಗ, ಡಿಸ್ಕಾರ್ಡಿನ ಸ್ಕ್ರೀಮ್ ಬ್ಯಾಂಡಿಗೆ ಡ್ರಮ್ಸ್ ಬಾರಿಸಿದವನು. ಅವನ ಪ್ರೀತಿ ಸುಳ್ಳಲ್ಲ. ಜಾಗವೂ ಚೆನ್ನಾಗಿದೆ. ಆದರೆ ಮೊದಲಿನ ಶೋಗಳಿಗೆ ಟಿಕೆಟ್ 44 ಡಾಲರ್. ಹದಿನಾರರ ಹುಡುಗನೊಬ್ಬ ಜೇಬು ತಡಕಿ ಒಳಗೆ ಬರುವ ಹಣವಲ್ಲ ಅದು.

ಅಂಥ ಹುಡುಗನಿಗೆ ಟೆನ್ಲಿಟೌನಿನ ಫೋರ್ಟ್ ರೀನೋ ಇದೆ. ಊರಿನ ಅತಿ ಎತ್ತರದ ಆ ದಿಬ್ಬದ ಮೇಲೆ 1968ರಿಂದ ಬೇಸಿಗೆಯಲ್ಲಿ ಪುಕ್ಕಟೆ ಸಂಗೀತ. ಮದ್ಯ ಇಲ್ಲ, ಬೇಲಿ ಇಲ್ಲ, ನಾಯಿ ಮಕ್ಕಳು ಎಲ್ಲ ಉಂಟು. ಸಾರ್ವಜನಿಕ ಗ್ರಂಥಾಲಯವೂ 2014ರಲ್ಲಿ ಪಂಕ್ ಸಂಗ್ರಹವೊಂದನ್ನು ಶುರುಮಾಡಿ, ಕರಪತ್ರ, ಕೈಪತ್ರಿಕೆ, ಫೋಟೋಗಳನ್ನು ಕೂಡಿಡುತ್ತಿದೆ; ತನ್ನ ನೆಲಮಾಳಿಗೆಯಲ್ಲೇ ಶೋಗಳನ್ನೂ ನಡೆಸಿದೆ. ಅಲ್ಲಿಗೆ ಕೊಡಲೆಂದು ಹಳೇ ಡಬ್ಬಗಳನ್ನು ತೆರೆದಾಗ ಕೆಂಪು ಪೆನ್ಸಿಲಿನ ಆ ಪ್ರಿಂಟು ಸಿಕ್ಕಿತು. ಕಳೆದ ಸಲ ಊರಿಗೆ ಹೋದಾಗ ಒಯ್ದು ಮೇಷ್ಟ್ರಿಗೆ ತೋರಿಸಿದೆ. ಎಂಬತ್ತು ದಾಟಿದ್ದಾರೆ, ಕಣ್ಣಿಗೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಕೈಗಳೇ ಜಾಸ್ತಿ ಆದುವಲ್ಲಯ್ಯ.”

“ಅವು ಬೇಕು ಸಾರ್.”

“ಹಾಗಾದ್ರೆ ಹಾಡೋನು ಯಾಕೆ? ಅವನನ್ನೇ ಕತ್ತರಿಸು” ಎಂದು ಮೇಜಿನ ಖಾನೆಯಿಂದ ಕೆಂಪು ಪೆನ್ಸಿಲ್ ತೆಗೆದು ನನ್ನ ಕೈಗೇ ಕೊಟ್ಟರು.