ಊರು ಅಲ್ಲೇ ಐತಿ, ಮತಕ್ಷೇತ್ರ ಬದಲಾಯ್ತು

ನಮ್ಮ ಮನೆತನಕ್ಕೆ ಎರಡು ಮತಕ್ಷೇತ್ರ. ಅಪ್ಪಾಜಿ, ಅವ್ವ ಮತ್ತು ನನ್ನ ಹೆಸರು ವಿಜಯಪುರದ ಜಲನಗರದ ಮತದಾರರ ಪಟ್ಟಿಯಲ್ಲಿದೆ. ಅಂದರೆ 30ನೇ ನಂಬರಿನ ನಗರ ಕ್ಷೇತ್ರ. ಊರಿಗೆ ವಿಜಯಪುರ ಅಂತ ಹೆಸರು ಬಂದದ್ದು 2014ರ ನವೆಂಬರ್ 1ಕ್ಕೆ, ಆದರೆ ಚುನಾವಣಾ ಆಯೋಗದ ಪಟ್ಟಿಯಲ್ಲಿ ಕ್ಷೇತ್ರ ಆಮೇಲೂ ‘ಬಿಜಾಪುರ ನಗರ’ವಾಗಿಯೇ ಉಳಿಯಿತು. ಕಾಕಾ, ಕಾಕು, ಆಯಿ ಇರೋದು ಟಿಕೋಟಾ ದಾಟಿ ಅಥಣಿ ಕಡೆ ಹೋದರೆ ಸಿಗುವ ನಮ್ಮ ಹಳ್ಳಿಯಲ್ಲಿ. ಅವರದು 29ನೇ ನಂಬರು, ಬಬಲೇಶ್ವರ.

ನಡುವೆ ಬೈಕಿನಲ್ಲಿ ಮುಕ್ಕಾಲು ತಾಸಿನ ದಾರಿ. ಹೊಲದ ಉತಾರ ಒಂದೇ, ಜೋಳದ ಚೀಲ ಒಂದೇ ಮನೆಯಿಂದ ಬರ್ತದೆ. ಆದರೆ ದ್ರಾಕ್ಷಿ ತೋಟಕ್ಕೆ ಕಾಲುವೆ ನೀರು ಬರಲಿಲ್ಲ ಅಂದ್ರೆ ಕೇಳಬೇಕಾದ ಶಾಸಕರು ಒಬ್ಬರು, ಜಲನಗರದ ನಳಕ್ಕೆ ನೀರು ಬರಲಿಲ್ಲ ಅಂದ್ರೆ ಕೇಳಬೇಕಾದವರು ಇನ್ನೊಬ್ಬರು.

ನಮ್ಮ ಮುತ್ಯಾ ಮಾತ್ರ ಕಡೇತನಕ ‘ಬಬಲೇಶ್ವರ ಮತಕ್ಷೇತ್ರ’ ಅನ್ನಲೇ ಇಲ್ಲ. ಯಾರಾದರೂ ಕೇಳಿದರೆ “ನಮ್ದು ಟಿಕೋಟಾ ರೀ” ಅನ್ನೋರು. ಅವರು ಹುಟ್ಟಿದಾಗ ಈ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಅವರು ಮೊದಲ ವೋಟು ಹಾಕಿದ್ದು 1957ರಲ್ಲಿ, ಆಗ ಇದು ಮೈಸೂರು ರಾಜ್ಯ. ಕಡೆಗೆ ಹಾಕಿದ್ದು ಕರ್ನಾಟಕದಲ್ಲಿ. ಇಷ್ಟೆಲ್ಲ ಬದಲಾದರೂ ತಲೆಕೆಡಿಸಿಕೊಳ್ಳದ ಮನುಷ್ಯನಿಗೆ, 2008ರಲ್ಲಿ ಟಿಕೋಟಾ ಅನ್ನೋ ಹೆಸರು ವಿಧಾನಸೌಧದಿಂದ ಹೋಗಿದ್ದು ಮಾತ್ರ ಬಹಳ ಹತ್ತಿತ್ತು. “ಊರು ಇಲ್ಲೇ ಐತಿ, ಮಂದಿ ಇಲ್ಲೇ ಐತಿ, ಮತ್ತ ಮತಕ್ಷೇತ್ರ ಯಾರು ಒಯ್ದ್ರು?” ಅಂತ ಕಟ್ಟಿ ಮ್ಯಾಲೆ ಕೂತು ಕೇಳೋರು. ನಾನಾಗ ಹೈಸ್ಕೂಲಿನ ಹುಡುಗ, ಉತ್ತರ ಗೊತ್ತಿರಲಿಲ್ಲ.

ಉತ್ತರ ಇಷ್ಟು. 1976ರಿಂದ ನಡೆದು ಬಂದ ಕ್ಷೇತ್ರಗಳ ಗಡಿ 1971ರ ಜನಗಣತಿಯ ಲೆಕ್ಕದ್ದು. ಮೂವತ್ತು ವರ್ಷದಲ್ಲಿ ಜನ ಎಲ್ಲೆಲ್ಲೋ ಹೋದರು, ಗಡಿ ಮಾತ್ರ ಅಲ್ಲೇ ಇತ್ತು. 2002ರಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ಪುನರ್ವಿಂಗಡಣಾ ಆಯೋಗ ಬಂತು. 2001ರ ಜನಗಣತಿ ಪ್ರಕಾರ ರಾಜ್ಯದ 5.28 ಕೋಟಿ ಜನರನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ. ಆ ಅಳತೆಗೆ ತಕ್ಕಂತೆ ಗೆರೆಗಳನ್ನು ಮತ್ತೆ ಎಳೆದರು. ಹೊಸ ಗೆರೆಗಳ ಮೇಲೆ ಮೊದಲು ಮತದಾನ ಮಾಡಿದ ರಾಜ್ಯ ನಮ್ಮದೇ, 2008ರ ಮೇ ತಿಂಗಳಲ್ಲಿ.

ವಿಜಯಪುರ ಜಿಲ್ಲೆಗೆ ಮೊದಲೂ ಎಂಟು ಸೀಟು ಇದ್ದವು, ಆಮೇಲೂ ಎಂಟೇ. ಹೆಸರು ಹೋದದ್ದು ಟಿಕೋಟಾ, ಬಳ್ಳೊಳ್ಳಿ, ಹೂವಿನ ಹಿಪ್ಪರಗಿ. ಬಂದದ್ದು ಬಬಲೇಶ್ವರ, ನಾಗಠಾಣ, ದೇವರ ಹಿಪ್ಪರಗಿ. ಮುತ್ಯಾನ ಟಿಕೋಟಾವನ್ನು ಯಾರೂ ಒಯ್ದಿರಲಿಲ್ಲ, ಬಬಲೇಶ್ವರದ ಹೆಸರಿನ ಒಳಗೆ ಸೇರಿಸಿದ್ದರು. ಟಿಕೋಟಾ ಇರೋದು ಅಥಣಿ ರಸ್ತೆಗೆ, ಬಬಲೇಶ್ವರ ಇರೋದು ಜಮಖಂಡಿ ರಸ್ತೆಗೆ. ಎರಡೂ ಕಡೆಯವರು ಸಂತೆ, ಆಸ್ಪತ್ರೆ, ಕೋರ್ಟು ಅಂತ ಬರೋದು ವಿಜಯಪುರಕ್ಕೆ. ಒಬ್ಬರ ಊರಿಗೆ ಇನ್ನೊಬ್ಬರು ಕೆಲಸದ ಮೇಲೆ ಹೋಗೋದು ಕಡಿಮೆ. ಹೆಸರು ಯಾರದ್ದಿರಬೇಕು ಅನ್ನೋ ಸಿಟ್ಟು ಅದಕ್ಕೇ ಇತ್ತು ಅಂತ ನನಗೆ ಅನ್ನಿಸ್ತದೆ. 2018ರ ಸುಮಾರಿಗೆ ಹೊಸ ತಾಲ್ಲೂಕುಗಳಾದಾಗ ಎರಡೂ ಊರಿಗೆ ತಾಲ್ಲೂಕು ಕೊಟ್ಟು ಸರಿ ಮಾಡಿದರು.

ಇನ್ನು ಪ್ರತಿನಿಧಿಗಳ ಕಥೆ. ಟಿಕೋಟಾದ ಶಾಸಕರಾಗಿದ್ದ ಬಿ.ಎಂ. ಪಾಟೀಲರು ತೀರಿಕೊಂಡ ಮೇಲೆ 1991ರ ಉಪಚುನಾವಣೆಯಲ್ಲಿ ಅವರ ಮಗ ಎಂ.ಬಿ. ಪಾಟೀಲರು ಗೆದ್ದರು. ಅವರಿಗಾಗ ಈಗಿನ ನನಗಿಂತ ಕಡಿಮೆ ವಯಸ್ಸು. (ನಾನು ಈ ವಯಸ್ಸಿನಲ್ಲಿ ಟೀಮ್ ಲೀಡ್ ಆಗೋಕೇ ಒದ್ದಾಡ್ತಿದ್ದೀನಿ.) 1998ರಲ್ಲಿ ಲೋಕಸಭೆಗೆ ಹೋದರು, 2004ರಲ್ಲಿ ಟಿಕೋಟಾದ ಕಡೆಯ ಚುನಾವಣೆ ಗೆದ್ದರು. ಬಬಲೇಶ್ವರ ಆದ ಮೇಲೆ 2008, 2013, 2018, 2023 ನಾಲ್ಕೂ ಅವರದ್ದೇ. 2018 ಮತ್ತು 2023ರಲ್ಲಿ ಎದುರಿಗೆ ಬಿಜೆಪಿಯ ವಿಜುಗೌಡ ಪಾಟೀಲರಿದ್ದರು.

ಪಕ್ಕದ ನಮ್ಮ ನಗರ ಕ್ಷೇತ್ರ ನೋಡಿ. 2008ರಲ್ಲಿ ಬಿಜೆಪಿಯ ಅಪ್ಪು ಪಟ್ಟಣಶೆಟ್ಟಿ, 2013ರಲ್ಲಿ ಕಾಂಗ್ರೆಸ್ಸಿನ ಮಕ್ಬೂಲ್ ಬಾಗವಾನ, 2018 ಮತ್ತು 2023ರಲ್ಲಿ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳ. ನಾಗಠಾಣದವರು ಪ್ರತಿ ಸಲ ಶಾಸಕರನ್ನೂ ಬದಲಿಸಿದ್ದಾರೆ, ಪಕ್ಷವನ್ನೂ ಬದಲಿಸಿದ್ದಾರೆ. ಒಂದೇ ಜಿಲ್ಲೆ, ಒಂದೇ ಬಿಸಿಲು, ಮೂರು ಗುಣ.

ಬಬಲೇಶ್ವರದಲ್ಲಿ ಒಬ್ಬರೇ ಗೆಲ್ಲೋದಕ್ಕೆ ಮನೆತನ, ಸಂಸ್ಥೆ, ಜಾತಿ ಅಂತ ಗೆಳೆಯರು ಕಾರಣ ಕೊಡ್ತಾರೆ. ಅದೆಲ್ಲ ಇರಬಹುದು. ನಮ್ಮ ಕಾಕಾ ಹೇಳೋದು ಒಂದೇ ಶಬ್ದ: ನೀರು. ಎಂ.ಬಿ. ಪಾಟೀಲರು 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದರು. ಜಮಖಂಡಿ ಕಡೆಯ ತುಬಚಿ ಹತ್ತಿರ ಕೃಷ್ಣಾ ನೀರನ್ನು ಎತ್ತಿ ಬಬಲೇಶ್ವರ, ಟಿಕೋಟಾ ಕಡೆ ತರುವ ತುಬಚಿ-ಬಬಲೇಶ್ವರ ಏತ ನೀರಾವರಿಗೆ ವೇಗ ಸಿಕ್ಕಿದ್ದು ಆ ಹೊತ್ತಿನಲ್ಲಿ. ಅದಕ್ಕೂ ಮೊದಲು ಬೇಸಿಗೆಯಲ್ಲಿ ದ್ರಾಕ್ಷಿ ಬಳ್ಳಿ ಉಳಿಸಲು ಟ್ಯಾಂಕರ್ ತರಿಸಿದ ಲೆಕ್ಕ ಕಾಕಾನ ಡೈರಿಯಲ್ಲಿ ಇನ್ನೂ ಇದೆ. ಆ ಡೈರಿ ನೋಡಿದವರಿಗೆ ವೋಟಿನ ಲೆಕ್ಕ ಬೇರೆ ಹೇಳಬೇಕಿಲ್ಲ. ನನಗೆ ಒಂದು ತಕರಾರು ಮಾತ್ರ ಇದೆ: ಸಚಿವರು ನಮ್ಮವರಾದಾಗ ನೀರು ಬರೋದಾದರೆ, ಸಚಿವರು ಬೇರೆ ಊರಿನವರಾದಾಗ ಏನು? ಕಾಕಾನಿಗೆ ಈ ಪ್ರಶ್ನೆ ಇಷ್ಟ ಇಲ್ಲ. “ಮೊದಲ ನೀರು ಬರ್ಲಿ ಬಿಡೋ ತಮ್ಮಾ, ಆಮ್ಯಾಲ ನಿನ್ನ ಪ್ರಶ್ನಾ” ಅಂತಾರೆ.

ಟಿಕೋಟಾದಿಂದ ಇನ್ನೂ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಅಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ಬಹಳ. ನಮ್ಮ ಆಯಿಯ ತವರು ಕೂಡ ಆ ಕಡೆಯದು. 1956ರ ಗೆರೆ ಅವರನ್ನು ಆಚೆ ಬಿಟ್ಟಿತು. ನೀರಿಲ್ಲ ಅಂತ ಅಲ್ಲಿನ ಊರುಗಳು ಹಿಂದೊಮ್ಮೆ ಕರ್ನಾಟಕಕ್ಕೆ ಸೇರ್ತೀವಿ ಎಂದು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಎತ್ತಿದಾಗ ಎರಡೂ ರಾಜ್ಯದಲ್ಲಿ ಗದ್ದಲವಾಯಿತು. ಟಿವಿಯವರಿಗೆ ಅದು ಭಾಷೆಯ ಜಗಳ. ಆಯಿಗೆ ಅದು ಕೊಡದ ಜಗಳ. ಅವಳ ಅಣ್ಣನ ಮಕ್ಕಳು ನೀರು ಕೇಳೋಕೆ ಮುಂಬೈ ಕಡೆ ನೋಡಬೇಕು, ನಾವು ಬೆಂಗಳೂರು ಕಡೆ.

ಇಷ್ಟೆಲ್ಲ ಈಗ ಬರೆಯೋಕೆ ಕಾರಣ ಇದೆ. ಈ ಗೆರೆಗಳು ಮತ್ತೆ ಬದಲಾಗಲಿವೆ. ಸಂವಿಧಾನದ 84ನೇ ತಿದ್ದುಪಡಿ ಪ್ರಕಾರ ಸೀಟುಗಳ ಹಂಚಿಕೆ ನಿಂತಿರೋದು 2026ರ ನಂತರದ ಮೊದಲ ಜನಗಣತಿಯವರೆಗೆ. ಆ ಜನಗಣತಿಗೆ ಸರ್ಕಾರ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಅದರ ಮೇಲಿನ ಪುನರ್ವಿಂಗಡಣೆ ಆದ ಮೇಲೆ ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಎಂದು 2023ರ ತಿದ್ದುಪಡಿ ಹೇಳ್ತದೆ. ಬಬಲೇಶ್ವರ ಅನ್ನೋ ಹೆಸರೂ ಉಳಿಯುತ್ತೋ ಇಲ್ಲವೋ.

ನಾನು ಎಂಜಿನಿಯರು, ಎಕ್ಸೆಲ್ ತೆಗೆದು ಕೂತೆ. 2011ರ ಜನಗಣತಿಯಲ್ಲಿ ರಾಜ್ಯ 6.11 ಕೋಟಿ, ವಿಜಯಪುರ ಜಿಲ್ಲೆ 21.77 ಲಕ್ಷ. ಒಂದು ಸೀಟಿಗೆ 2.73 ಲಕ್ಷದಂತೆ ನಮ್ಮ ಜಿಲ್ಲೆಗೆ ಬರೋದು 7.98. ಅಂದರೆ ಎಂಟು, ಕೂದಲೆಳೆಯ ಅಂತರದಲ್ಲಿ ಸರಿಯಾಗಿ. ಬೆಂಗಳೂರು ನಗರ ಜಿಲ್ಲೆ ಮಾತ್ರ 96 ಲಕ್ಷ. ಅದಕ್ಕಿರೋದು 28, ಅದೇ ಲೆಕ್ಕದಲ್ಲಿ ಸಿಗಬೇಕಾದ್ದು 35. ಒಟ್ಟು 224 ಹಾಗೇ ಇದ್ದರೆ ಆ ಏಳು ಬೇರೆ ಜಿಲ್ಲೆಗಳಿಂದಲೇ ಬರಬೇಕು. ಅದು 2011ರ ಮಾತು. ಆಮೇಲೆ ಎಷ್ಟು ಜನ ರಾತ್ರಿ ಬಸ್ಸಿಗೆ, ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಹತ್ತಿ ದಕ್ಷಿಣಕ್ಕೆ ಬಂದಿದ್ದೀವೋ, ನೀವೇ ಲೆಕ್ಕ ಹಾಕಿ. ನಾನೂ ಅದರಲ್ಲೊಬ್ಬ.

ಎಕ್ಸೆಲ್ ಮುಚ್ಚಿದ ಮೇಲೂ ತಲೆಯಿಂದ ಹೋಗದ್ದು ಒಂದಿದೆ. ಜನಗಣತಿಯವರು ಬಂದಾಗ ನನ್ನನ್ನು ಎಣಿಸೋದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ವೋಟು ಇರೋದು ಜಲನಗರದಲ್ಲಿ. ನನ್ನ ತಲೆ ಬೆಂಗಳೂರಿಗೆ ಸೀಟು ಹೆಚ್ಚಿಸ್ತದೆ, ನನ್ನ ಬೆರಳು ವಿಜಯಪುರದಲ್ಲಿ ಮಸಿ ಹಚ್ಚಿಸಿಕೊಳ್ತದೆ. 2018ರಲ್ಲೂ 2023ರಲ್ಲೂ ಊರಿಗೆ ಹೋಗಿ ವೋಟು ಹಾಕಿ ಬಂದೆ. ಆಫೀಸಿನಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡವನೂ ಹೌದು.

ಕಾನೂನು ಕೇಳೋದು ‘ಸಾಮಾನ್ಯವಾಗಿ ವಾಸ’ ಎಲ್ಲಿ ಅಂತ. ಸ್ವಂತ ಮನೆ ಎಲ್ಲಿದೆ ಅಂತಲ್ಲ. ಆರು ವರ್ಷದಿಂದ ನನ್ನ ವಾಸ ಇಲ್ಲೇ. ಕಸ ಎತ್ತದಿದ್ದರೆ, ಟ್ಯಾಂಕರ್ ದರ ಏರಿದರೆ, ರಸ್ತೆ ಅಗೆದು ಹಾಗೇ ಬಿಟ್ಟರೆ ಬೈಯೋದೂ ಇಲ್ಲೇ, ಆದರೆ ಕೇಳೋ ಹಕ್ಕಿನ ಚೀಟಿ ಬೇರೆ ಊರಲ್ಲಿದೆ. ವರ್ಗಾವಣೆಗೆ ಫಾರಂ 8 ತುಂಬಿದರೆ ಸಾಕು, ಫೋನಿನಲ್ಲೇ ಆಗ್ತದೆ. ಒಂದು ಸಂಕಟ ಇಷ್ಟೇ: ನಾನಿರುವ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ 2023ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಬಬಲೇಶ್ವರದಲ್ಲಿ ಹೆಚ್ಚುಕಡಿಮೆ ಎರಡು ಲಕ್ಷ. ಕಾಕಾನ ಒಂದು ವೋಟಿನ ತೂಕಕ್ಕೆ ಇಲ್ಲಿಯ ಮೂರು ವೋಟು ಬೇಕು.

ಹೋದ ತಿಂಗಳು ಫೋನಿನಲ್ಲಿ ವಿಷಯ ತೆಗೆದೆ. ಕಾಕಾ ಸುಮ್ಮನಾದರು. ಆಮೇಲೆ, “ಹೆಸರು ತಗಸಬ್ಯಾಡೋ ತಮ್ಮಾ. ಇಲ್ಲಿ ಹೆಸರಿಲ್ಲಂದ್ರ ನಾಳೆ ನಿನ್ನ ಯಾರು ಕೇಳ್ತಾರ?” ಅಂದರು. ಆಯಿ ಪಕ್ಕದಲ್ಲಿದ್ದಳು. “ಅಂವಾ ಇರೂದ ಅಲ್ಲಿ, ನೀರು ಕುಡಿಯೂದ ಅಲ್ಲಿ. ಅಲ್ಲೇ ಹಾಕ್ಲಿ ಬಿಡು” ಅಂದದ್ದು ನನಗೂ ಕೇಳಿಸಿತು.

ಫಾರಂ ಅರ್ಧ ತುಂಬಿ ಇಟ್ಟಿದ್ದೀನಿ. ದೀಪಾವಳಿಗೆ ಊರಿಗೆ ಹೋಗ್ತೀನಿ, ಅಷ್ಟರಲ್ಲಿ ದ್ರಾಕ್ಷಿಯ ಚಾಟ್ನಿ ಮುಗಿದು ಕಾಕಾನ ಕೈಗೂ ಬಿಡುವು ಇರ್ತದೆ. ತೋಟದಲ್ಲಿ ಕೂತು ಅವರಿಗೆ ಎದುರಿಗೇ ಹೇಳಿ, ಉಳಿದರ್ಧ ಅಲ್ಲೇ ತುಂಬಬೇಕು ಅಂತಿದ್ದೀನಿ. ನೆಟ್‌ವರ್ಕ್ ಸಿಕ್ಕರೆ.